ಮಾರ್ಕಸ್ ಗಾರ್ವಿ ಮೋಸಗಾರನಾ, ಮಹಾನಾಯಕನಾ? ಹಡಗಿನ ಕಂಪನಿ ಕಥೆ ಗೊತ್ತಿರೋರು ಹೇಳಿ

ಓದುಬಾಕ_ಹಾಸನ
2025ರ ಜನವರಿ 19ಕ್ಕೆ, ಕುರ್ಚಿ ಬಿಡೋ ಹಿಂದಿನ ದಿನ, ಬೈಡನ್ ಕೆಲವರಿಗೆ ಕ್ಷಮಾದಾನ ಕೊಟ್ರಲ್ಲ, ಆ ಪಟ್ಟಿಯಲ್ಲಿ ಮಾರ್ಕಸ್ ಗಾರ್ವಿ ಅಂತ ಒಂದು ಹೆಸರಿತ್ತು. 1940ರಲ್ಲೇ ಸತ್ತವನಿಗೆ ಈಗ ಯಾಕಪ್ಪಾ ಕ್ಷಮೆ ಅಂತ ಓದೋಕೆ ಕೂತೆ. ಓದಿದಷ್ಟೂ ಗೊಂದಲ.

ಜಮೈಕಾದ ಸೇಂಟ್ ಆನ್ಸ್ ಬೇ ಅನ್ನೋ ಊರಲ್ಲಿ 1887ರಲ್ಲಿ ಹುಟ್ಟಿದವನು. ಅಪ್ಪ ಗಾರೆ ಕೆಲಸ ಮಾಡ್ತಿದ್ದ, ಇವನು ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದ. 1914ರಲ್ಲಿ ಕಪ್ಪು ಜನರ ಏಳಿಗೆಗೆ ಅಂತ ಯುನಿವರ್ಸಲ್ ನೀಗ್ರೋ ಇಂಪ್ರೂವ್‌ಮೆಂಟ್ ಅಸೋಸಿಯೇಶನ್ ಕಟ್ಟಿದ, 1916ರಲ್ಲಿ ನ್ಯೂಯಾರ್ಕಿಗೆ ಬಂದ. ನಾಲ್ಕೇ ವರ್ಷಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿ ತುಳುಕೋ ಹಾಗೆ ಸಮಾವೇಶ ಮಾಡಿ "ಆಫ್ರಿಕಾದ ಹಂಗಾಮಿ ಅಧ್ಯಕ್ಷ" ಅನ್ನಿಸಿಕೊಂಡ! ಆಮೇಲೆ ಹಡಗಿನ ಕಂಪನಿ, ದಿವಾಳಿ, ಜೈಲು, ಗಡಿಪಾರು. ಈಗ ಜಮೈಕಾದ ಮೊದಲ ರಾಷ್ಟ್ರವೀರ.

ಬಡವರ ದುಡ್ಡು ನುಂಗಿದ್ದು ನಿಜವಾ? ಕರಿಯರ ಪರವಾಗಿಯೇ ಇದ್ದ ಡು ಬಾಯ್ಸ್ ಇವನನ್ನ "ಹುಚ್ಚ ಇಲ್ಲವೇ ದ್ರೋಹಿ" ಅಂತ ಬರೆದದ್ದು ಯಾಕೆ?

ಗಾಳಿಪಟ
ಚೀಟಿ ಎತ್ತಿಕೊಂಡು ಊರು ಬಿಡೋ ಗಿರಾಕಿ ಅಷ್ಟೇ ಗುರೂ. ಟೋಪಿಗೆ ಗರಿ ಬೇರೆ. ಫೋಟೋ ನೋಡಿ.

ಲೆಕ್ಕಪತ್ರ
@ಗಾಳಿಪಟ ಊರು ಬಿಡೋನು ದುಡ್ಡು ತಗೊಂಡು ಬಿಡ್ತಾನೆ. ಇವನು ಲಂಡನ್ನಿನಲ್ಲಿ ಕೈ ಖಾಲಿಯಾಗಿ ಸತ್ತ. ಹಾಗಂತ ನಾನು ಇವನ ವಕೀಲನೂ ಅಲ್ಲ. ಲೆಕ್ಕ ನೋಡೋಣ.

ಗಾರ್ವಿಯ ಹಡಗಿನ ಕಂಪನಿ ಬ್ಲ್ಯಾಕ್ ಸ್ಟಾರ್ ಲೈನ್ 1919ರ ಜೂನಿನಲ್ಲಿ ಡೆಲವೇರ್ ರಾಜ್ಯದಲ್ಲಿ ನೋಂದಣಿ ಆಯ್ತು. ಷೇರಿಗೆ 5 ಡಾಲರ್. ಕಪ್ಪು ಜನರಿಗೆ ಮಾತ್ರ ಮಾರಾಟ, ಒಬ್ಬರಿಗೆ 200 ಷೇರಿಗಿಂತ ಹೆಚ್ಚಿಲ್ಲ. ಕೊಂಡವರು ಮನೆಗೆಲಸದವರು, ಹೋಟೆಲ್ ಮಾಣಿಗಳು, ಪನಾಮಾ ಕಾಲುವೆಯಲ್ಲಿ ದುಡಿದ ಕೂಲಿಗಳು. ಹೀಗೆ ಏಳೂವರೆ ಲಕ್ಷ ಡಾಲರಿಗೂ ಮೇಲೆ ಎತ್ತಿದರು.

ಮೊದಲ ಹಡಗು ಯಾರ್ಮತ್. ಗಾರ್ವಿ ಹುಟ್ಟಿದ ವರ್ಷವೇ ಕಟ್ಟಿದ್ದು. ಅಂಥ ಮುದಿ ಹಡಗಿಗೆ 1,65,000 ಡಾಲರ್! ಎರಡು ವರ್ಷ ಆದ ಮೇಲೆ ಹರಾಜಿನಲ್ಲಿ ಅದಕ್ಕೆ ಬಂದದ್ದು 1,625 ಡಾಲರ್. ಸೊನ್ನೆ ಬಿಟ್ಟುಹೋಗಿಲ್ಲ, ಅಷ್ಟೇ ಬಂದದ್ದು. ಖರೀದಿ ಮಾತುಕತೆಯಲ್ಲಿ ಕಂಪನಿಯ ಕ್ಯಾಪ್ಟನ್ ಜೋಶುವಾ ಕಾಕ್‌ಬರ್ನ್ ಗುಟ್ಟಾಗಿ ಕಮಿಷನ್ ತಿಂದಿದ್ದ. ಎರಡನೆಯದು ಶೇಡಿಸೈಡ್, ಹಡ್ಸನ್ ನದಿಯಲ್ಲಿ ಜನರನ್ನ ವಿಹಾರಕ್ಕೆ ಕರಕೊಂಡು ಹೋಗ್ತಿದ್ದ ಹಳೇ ದೋಣಿ. ಮೂರನೆಯದು ಕನಾವಾ, ಎಣ್ಣೆ ಕುಬೇರನೊಬ್ಬನ ಐಷಾರಾಮಿ ವಿಹಾರನೌಕೆಯಾಗಿದ್ದದ್ದು. ಸರಕು ಹೊರೋಕೆ ಯಾವುದೂ ಲಾಯಕ್ಕಿಲ್ಲ.

ಇದನ್ನ ಕಳ್ಳತನ ಅನ್ನೋಕ್ಕಾಗಲ್ಲ. ಆದರೆ ಹಡಗಿನ ವ್ಯವಹಾರದ ಗಂಧಗಾಳಿ ಗೊತ್ತಿಲ್ಲದೆ ಬಡವರ ದುಡ್ಡು ಹಾಕಿ ಕೂತದ್ದು ಸಣ್ಣ ಅಪರಾಧ ಅಂತ ನನಗನಿಸಲ್ಲ.

ಕರಾವಳಿ_ಕಾಗೆ
ಮಾರಾಯ್ರೆ, ಆ ಯಾರ್ಮತ್ ಕಥೆ ಪೂರ್ತಿ ಕೇಳಿ. ನಾನು ಬಂದರಿನಲ್ಲಿ ಕೆಲಸ ಮಾಡಿದವನು, ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

1920ರ ಜನವರಿ. ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬರುವ ಹೊತ್ತು. ಗೋದಾಮಿನಲ್ಲಿರುವ ವಿಸ್ಕಿಯನ್ನೆಲ್ಲ ಗಡಿ ದಾಟಿಸಬೇಕು ಅಂತ ವ್ಯಾಪಾರಿಗಳಿಗೆ ಬೆಂಕಿ ಬಿದ್ದ ಹಾಗೆ ಆಗಿದೆ. ಎಷ್ಟು ಕೇಳಿದರೂ ಕೊಡುತ್ತಿದ್ದರು. ಇವರು ಜುಜುಬಿ ಬಾಡಿಗೆಗೆ ಒಪ್ಪಿದರು! ಕ್ಯೂಬಾಕ್ಕೆ ಹೊರಟ ಹಡಗು ದಾರಿಯಲ್ಲೇ ವಾಲಿತು, ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. ಉಳಿದದ್ದರಲ್ಲಿ ಎಷ್ಟು ಯಾರ ಹೊಟ್ಟೆಗೆ ಹೋಯಿತೋ ದೇವರೇ ಬಲ್ಲ. ಇನ್ನೊಂದು ಸಲ ತೆಂಗಿನಕಾಯಿ ಹೇರಿಕೊಂಡು ಬರುವಾಗ, ಜನ ಹಡಗು ನೋಡಲಿ ಅಂತ ಊರೂರಿನಲ್ಲಿ ನಿಲ್ಲಿಸಿ ಮೆರವಣಿಗೆ ಮಾಡಿಸಿದರು. ಕಾಯಿ ಕೊಳೆತು ಹೋಯಿತು. ಸರಕು ಹೊತ್ತ ಹಡಗಿಗೆ ಒಂದೊಂದು ದಿನವೂ ಖರ್ಚು, ಅದು ಇವರ ತಲೆಗೆ ಹೋಗಲೇ ಇಲ್ಲ.

ಮತ್ತೆ @ಲೆಕ್ಕಪತ್ರ, 1,65,000ಕ್ಕೆ ಇವರೊಬ್ಬರನ್ನೇ ಬೈಯಬೇಡಿ. ಮಹಾಯುದ್ಧ ಮುಗಿದಾಗ ಹಡಗಿಗೆ ಬರ, ತುಕ್ಕು ಹಿಡಿದದ್ದಕ್ಕೂ ಚಿನ್ನದ ಬೆಲೆ. ಮರುವರ್ಷವೇ ಬಾಡಿಗೆ ದರ ಬಿದ್ದು ಅನುಭವಸ್ಥ ಬಿಳಿಯರ ಕಂಪನಿಗಳೂ ಮುಳುಗಿದವು.

ನಮ್ಮ ದೇಶದ್ದೇ ನೆನಪಾಗುತ್ತದೆ. 1906ರಲ್ಲಿ ತೂತುಕುಡಿಯಲ್ಲಿ ವ.ಉ. ಚಿದಂಬರಂ ಪಿಳ್ಳೆ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ಮಾಡಿದರಲ್ಲ, ಅವರದ್ದೂ ಷೇರು ಮಾರಿದ ಹಡಗು, ಅವರೂ ಜೈಲಿಗೆ, ಕಂಪನಿ 1911ಕ್ಕೆ ಬಾಗಿಲು ಹಾಕಿತು. ಅವರನ್ನು ಯಾರಾದರೂ ಮೋಸಗಾರ ಅನ್ನುತ್ತಾರಾ?

ಲೆಕ್ಕಪತ್ರ
ಪಿಳ್ಳೆಯವರನ್ನ ಎದುರಾಳಿ ಕಂಪನಿ ಟಿಕೆಟ್ ದರ ಇಳಿಸಿ ಇಳಿಸಿ ಮುಗಿಸಿತು, ಸರ್ಕಾರ ರಾಜದ್ರೋಹದ ಕೇಸು ಹಾಕಿತು. ಇವರನ್ನ ಮುಗಿಸೋಕೆ ಎದುರಾಳಿಯೇ ಬೇಕಾಗಲಿಲ್ಲ. ಎರಡೂ ಒಂದೇ ಅಲ್ಲ ಕಾಗೆಯವರೇ.

ಬೆಂಚ್_ಕ್ಲರ್ಕ್
ಕೋರ್ಟ್ ವಿಷಯಕ್ಕೆ ಬರ್ತೀನಿ. ಕೇಸು "ದುಡ್ಡು ನುಂಗಿದ" ಅಂತಲ್ಲ. ಅಂಚೆ ಮೂಲಕ ವಂಚನೆ ಅಂತ. ಆಫ್ರಿಕಾದ ಲೈಬೀರಿಯಾಕ್ಕೆ ಹೋಗಬಲ್ಲ ದೊಡ್ಡ ಹಡಗಿಗೆ ಮಾತುಕತೆ ನಡೀತಿತ್ತು, ಒರಾಯನ್ ಅಂತ. ಅದಿನ್ನೂ ಇವರ ಕೈಗೆ ಬಂದಿರಲಿಲ್ಲ. ಆದರೆ ಪ್ರಚಾರಪತ್ರದಲ್ಲಿ ಅದರ ಚಿತ್ರ ಹಾಕಿ, ಮುಂಭಾಗದಲ್ಲಿ ಫಿಲಿಸ್ ವೀಟ್ಲಿ ಅಂತ ಹೆಸರು ತಿದ್ದಿ, ಅಂಚೆಯಲ್ಲಿ ಕಳಿಸಿ ಷೇರು ಮಾರಿದರು. ಸಿಕ್ಕಿಬಿದ್ದದ್ದು ಅಲ್ಲಿ.

ತಮಾಷೆ ಅಂದರೆ ಸಾಕ್ಷ್ಯ. 1923ರ ವಿಚಾರಣೆಯಲ್ಲಿ ಶಿಕ್ಷೆ ಆದದ್ದು ಒಂದೇ ಆರೋಪಕ್ಕೆ, ಬೆನ್ನಿ ಡ್ಯಾನ್ಸಿ ಅನ್ನೋ ರೈಲ್ವೆ ನಿಲ್ದಾಣದ ಕೆಲಸಗಾರನಿಗೆ ಬಂದ ಒಂದು ಲಕೋಟೆಗೆ. ಬರೀ ಲಕೋಟೆ! ಒಳಗೆ ಏನಿತ್ತು ಅಂತ ಅವನಿಗೇ ನೆನಪಿಲ್ಲ. ಜೊತೆಗಿದ್ದ ಮೂವರು ಪದಾಧಿಕಾರಿಗಳು ಖುಲಾಸೆ, ಗಾರ್ವಿಗೆ ಮಾತ್ರ 5 ವರ್ಷ. ಷೇರು ವ್ಯವಹಾರ ನಾಲ್ವರೂ ಸೇರಿ ಮಾಡಿದ್ದಾದರೆ ಒಬ್ಬನೇ ಹೇಗೆ ವಂಚಕ?

ಇದರಲ್ಲಿ ಅವನ ಪಾಲೂ ಇದೆ. ವಕೀಲನನ್ನ ಬಿಡಿಸಿ ತಾನೇ ವಾದ ಮಾಡಿದ. ಭಾಷಣ ಮಾಡಿ ರೂಢಿ ಇದ್ದವನು ಪಾಟೀಸವಾಲು ಮಾಡೋಕೆ ನಿಂತರೆ ಏನಾಗುತ್ತೆ ಅಂತ ನಮ್ಮ ಕಡೆ ಕೋರ್ಟ್ ಹಾಲಿನಲ್ಲೂ ನೋಡಿದ್ದೀನಿ. ಜ್ಯೂರಿಗೆ ಬೇಸರ ಹಿಡಿಸಿಬಿಡ್ತಾರೆ. ಅಟ್ಲಾಂಟಾ ಜೈಲಿಗೆ ಹೋದದ್ದು 1925ರಲ್ಲಿ. 1927ರ ನವೆಂಬರಿನಲ್ಲಿ ಅಧ್ಯಕ್ಷ ಕೂಲಿಜ್ ಶಿಕ್ಷೆ ಕಡಿಮೆ ಮಾಡಿದ, ಮರುತಿಂಗಳೇ ನ್ಯೂ ಆರ್ಲಿಯನ್ಸಿನಿಂದ ಹಡಗು ಹತ್ತಿಸಿ ಕಳಿಸಿದರು.

ನೀಲಿಶಾಯಿ
ಕ್ಲರ್ಕ್ ಸರ್ ಒಂದು ಹೆಸರು ಬಿಟ್ಟಿರಿ. ಜೆ. ಎಡ್ಗರ್ ಹೂವರ್, ಮುಂದೆ ಎಫ್‌ಬಿಐ ಮುಖ್ಯಸ್ಥನಾದವನು. 1919ರಲ್ಲೇ ಅವನ ಟಿಪ್ಪಣಿ ಇದೆ: ಈ ಮನುಷ್ಯ ಗಡಿಪಾರು ಮಾಡುವಂಥ ಕಾನೂನನ್ನ ಇನ್ನೂ ಮುರಿದಿಲ್ಲವಲ್ಲ ಅಂತ ಪೇಚಾಡ್ತಾನೆ, ವಂಚನೆ ಕೇಸು ಹಾಕಬಹುದು ಅಂತ ಹೊಳಹು ಕೊಡ್ತಾನೆ. ಆಮೇಲೆ ಜೇಮ್ಸ್ ವರ್ಮ್ಲಿ ಜೋನ್ಸ್ ಅನ್ನೋ ಕಪ್ಪು ಏಜೆಂಟನನ್ನ ಸಂಘಟನೆಯ ಒಳಕ್ಕೇ ನುಗ್ಗಿಸ್ತಾರೆ. ಮನುಷ್ಯನನ್ನ ಮೊದಲು ಗೊತ್ತು ಮಾಡಿ ಅಪರಾಧವನ್ನ ಆಮೇಲೆ ಹುಡುಕೋದು. ನಮಗೇನು ಹೊಸದಾ?

ಧಾರವಾಡ_ಫೇಡೆ
ಎಲ್ಲಾರೂ ಹಡಗದಾಗ ಮುಳುಗೀರಿ. ನಾ ಕೇಳೂದು ಒಂದ: 1922ರ ಜೂನ್‌ದಾಗ ಈ ಮನುಷ್ಯಾ ಅಟ್ಲಾಂಟಾಕ್ಕ ಹೋಗಿ ಕು ಕ್ಲಕ್ಸ್ ಕ್ಲಾನ್‌ದ ಹಂಗಾಮಿ ಮುಖ್ಯಸ್ಥ ಎಡ್ವರ್ಡ್ ಯಂಗ್ ಕ್ಲಾರ್ಕ್‌ನ ಜೋಡಿ ಕುಂತು ಮಾತಾಡಿದಾನ. ಕರಿಯರನ್ನ ಗಿಡಕ್ಕ ನೇತಹಾಕಿ ಕೊಲ್ಲೋ ಮಂದಿ ಅವರು! "ಅಮೆರಿಕಾ ಬಿಳಿಯರದ್ದು, ಆಫ್ರಿಕಾ ನಮ್ದು, ಇವರು ಮುಖದ ಮ್ಯಾಗ ಹೇಳ್ತಾರ, ಉಳಿದವರು ಬೆನ್ನ ಹಿಂದ" ಅನ್ನೂ ಧಾಟಿ ಅವಂದು. ಇದನ್ನ ಹೆಂಗ ಸಮರ್ಥನಿ ಮಾಡ್ತೀರಿ ಹೇಳ್ರಿ ನೋಡೋಣು.

ಇನ್ನೊಂದು ಐತಿ. ಜೇಮ್ಸ್ ಈಸನ್ ಅಂತ ಒಬ್ಬ ದೊಡ್ಡ ನಾಯಕ, ಗಾರ್ವಿನ್ನ ಬಿಟ್ಟು ಹೊರಗ ಬಂದಾಂವ, ಕೋರ್ಟಿನ್ಯಾಗ ಸಾಕ್ಷಿ ಹೇಳಾಂವ ಇದ್ದ. 1923ರ ಜನವರಿಯಾಗ ನ್ಯೂ ಆರ್ಲಿಯನ್ಸ್‌ದಾಗ ಗುಂಡು ಹಾಕಿ ಕೊಂದ್ರು. ಗಾರ್ವಿನ ಹೇಳಿ ಮಾಡ್ಸಿದಾ ಅಂತ ನಾ ಅನ್ನಂಗಿಲ್ಲ, ಸಾಬೀತ ಆಗಿಲ್ಲ. ಆದ್ರ ಭಕ್ತರ ಪಡೆ ಕಟ್ಟಿದ್ರ ಹಿಂಗ ಆಗೂದ.

ನೀಲಿಶಾಯಿ
ಕ್ಲಾನ್ ಭೇಟಿಯನ್ನ ಸಮರ್ಥಿಸಲ್ಲ. ಅದರಿಂದ ಅವನಿಗೇ ಸೊಂಟ ಮುರೀತು, ಸಂಘಟನೆಯೊಳಗೇ ಎಷ್ಟೋ ಜನ ತಿರುಗಿಬಿದ್ದರು. ಕಪ್ಪು ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಮತ್ತೆ ಗೆಳೆಯರು "ಗಾರ್ವಿ ತೊಲಗಲಿ" ಅಂತ ಚಳವಳಿಯನ್ನೇ ಶುರು ಮಾಡಿದರು. ಎಂಟು ಜನ ಕಪ್ಪು ಗಣ್ಯರು ಸರ್ಕಾರಕ್ಕೇ ಪತ್ರ ಬರೆದು ಬೇಗ ಕೇಸು ನಡೆಸಿ ಅಂದರು. ಅದೂ ನನಗೆ ಹೇಸಿಗೆ ಅನ್ನಿಸುತ್ತೆ. ಕ್ಲಾನ್ ಜೊತೆ ಮಾತಾಡಿದ್ದು ತಪ್ಪಾದರೆ ಹೂವರನ ಇಲಾಖೆಗೆ ಅರ್ಜಿ ಹಾಕಿದ್ದು?

ಡು ಬಾಯ್ಸ್ ಬಗ್ಗೆ ಕೇಳಿದ್ದಕ್ಕೆ: ಅವರು ಹಾರ್ವರ್ಡ್ ಡಾಕ್ಟರೇಟ್, ತಿಳಿ ಬಣ್ಣ, ಬಿಳಿ ಉದಾರವಾದಿಗಳ ಜೊತೆ ಸೇರಿ ಕಾನೂನಿನ ಹಾದಿಯಲ್ಲಿ ಸಮಾನತೆ ಕೇಳಿದವರು. ಗಾರ್ವಿ ಕಡುಕಪ್ಪು, ಜಮೈಕಾದ ಬಡವ, ಶಾಲೆ ಬಿಟ್ಟು ಪ್ರೆಸ್ಸಿಗೆ ಹೋದವನು. ಡು ಬಾಯ್ಸ್ ಇವನ ರೂಪವನ್ನೇ ಹಳಿದು, ಕುಳ್ಳ, ದಪ್ಪ, ಕುರೂಪಿ ಅಂತ ಬರೆದರು. ಇವನು ತಿರುಗಿ ಅವರನ್ನ ಬೆರಕೆ ಅಂತ ಹೀಯಾಳಿಸಿದ. ಇಬ್ಬರೂ ಕೊಳಕು ಮಾತಾಡಿದರು. ಆದರೆ ಕಪ್ಪು ಗೊಂಬೆ ಮಾಡಿಸಿ ಮಕ್ಕಳ ಕೈಗೆ ಕೊಟ್ಟವನು, ದಾದಿಯರಿಗೆ, ಟೋಪಿ ಹೊಲಿಯೋರಿಗೆ, ಲಾಂಡ್ರಿ ಹೆಂಗಸರಿಗೆ ಸಮವಸ್ತ್ರ ತೊಡಿಸಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್ ಬೀದಿಯಲ್ಲಿ ಎದೆಯುಬ್ಬಿಸಿ ನಡೆಸಿದವನು ಗಾರ್ವಿ. ಗರಿ ಟೋಪಿ ನೋಡಿ ನಗೋರು ಯಾರ ತಲೆಗೆ ಯಾವ ಟೋಪಿ ಒಪ್ಪುತ್ತೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರ್ತಾರೆ. ನೀಲಿ ಸೂಟು ತೊಟ್ಟ ಇನ್ನೊಬ್ಬರನ್ನೂ ಇದೇ ಥರ ಆಡಿಕೊಂಡರಲ್ಲ.

ಮಧ್ಯಾಹ್ನದ_ಬಸ್ಸು
ಅಂಬೇಡ್ಕರ್ ಆಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ ಇದ್ದರು, ಹಾರ್ಲೆಮ್ ಪಕ್ಕದಲ್ಲೇ. ಗಾರ್ವಿ ಭಾಷಣ ಕೇಳಿ ಪ್ರಭಾವಿತರಾಗಿದ್ದರು ಅಂತ ವಾಟ್ಸಾಪಿನಲ್ಲಿ ಬಂದಿತ್ತು.

ನೀಲಿಶಾಯಿ
ವಾಟ್ಸಾಪ್ ಬಿಡಿ ಸಾರ್, ತಾರೀಖು ನೋಡಿ. ಗಾರ್ವಿ ನ್ಯೂಯಾರ್ಕಿಗೆ ಕಾಲಿಟ್ಟದ್ದು 1916ರ ಮಾರ್ಚ್ ಕೊನೆಗೆ, ಆಗ ಅವನು ಯಾರಿಗೂ ಗೊತ್ತಿಲ್ಲ. ಅದೇ ವರ್ಷ ಬಾಬಾಸಾಹೇಬರು ಲಂಡನ್ನಿಗೆ ಹೊರಟರು. ಹಾರ್ಲೆಮ್ ಶಾಖೆ ಶುರುವಾದದ್ದೇ ಆಮೇಲೆ. ಅವರು ಪತ್ರ ಬರೆದದ್ದು ಡು ಬಾಯ್ಸ್‌ಗೆ, 1946ರಲ್ಲಿ, ವಿಶ್ವಸಂಸ್ಥೆಗೆ ನೀಗ್ರೋಗಳು ಕೊಟ್ಟ ಮನವಿಯ ಪ್ರತಿ ಬೇಕು ಅಂತ. 1916ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಕಪ್ಪು ನಾಯಕರ ಜೊತೆ ಒಡನಾಟ ಇದ್ದ ಭಾರತೀಯ ಅಂದರೆ ಲಾಲಾ ಲಜಪತ್ ರಾಯ್, ಅವರೂ ಡು ಬಾಯ್ಸ್ ಗೆಳೆಯರೇ.

ಗಾರ್ವಿಗೆ ಹತ್ತಿರವಿದ್ದ ಭಾರತೀಯ ಹರಿದಾಸ್ ಮಜುಂದಾರ್ ಅನ್ನೋ ಗಾಂಧಿವಾದಿ. ಗಾರ್ವಿಯ ವೇದಿಕೆಯಲ್ಲಿ ಮಾತಾಡಿದ್ದಾರೆ, ಅವನ ಪತ್ರಿಕೆಗೆ ಬರೆದಿದ್ದಾರೆ. ಗಾರ್ವಿ ಗಾಂಧಿಯನ್ನ ಹಾಡಿ ಹೊಗಳ್ತಿದ್ದ.

ಕರ್ನಾಟಕದ್ದೇ ಕೊಂಡಿ ಬೇಕಂದ್ರೆ ಅದು ಎಷ್ಟೋ ಆಮೇಲಿನದು. ಬೆಂಗಳೂರಿನಿಂದ 1981ರಲ್ಲಿ ವಿ.ಟಿ. ರಾಜಶೇಖರ್ ಶುರು ಮಾಡಿದ ದಲಿತ್ ವಾಯ್ಸ್ ಪತ್ರಿಕೆ. ದಲಿತರು ಮತ್ತು ಅಮೆರಿಕದ ಕಪ್ಪು ಜನ ಒಂದೇ ಕುಟುಂಬ ಅನ್ನೋ ವಾದವನ್ನ ಅಲ್ಲಿನ ಓದುಗರಿಗೆ ಮುಟ್ಟಿಸಿದವರು ಅವರು. ಅವರ ಎಷ್ಟೋ ಮಾತು ನನಗೆ ಒಪ್ಪಿಗೆಯಿಲ್ಲ, ಅದು ಬೇರೆ ಜಗಳ.

ಸ್ಕ್ವೇರ್‌ಕಟ್
ವಿವ್ ರಿಚರ್ಡ್ಸ್ ಕೈಗೆ ಕಟ್ಕೊತಿದ್ದ ಪಟ್ಟಿ ಗಾರ್ವಿ ಬಾವುಟದ್ದೇ ಅಲ್ವಾ? ಕೆಂಪು, ಹಳದಿ, ಹಸಿರು?

ಬೆಂಚ್_ಕ್ಲರ್ಕ್
ಅದು ಇಥಿಯೋಪಿಯಾದ ಬಣ್ಣ, ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಅನ್ನೋ ಧಾರ್ಮಿಕ ಪಂಥದವರು ಬಳಸೋದು. 1920ರ ಸಮಾವೇಶದಲ್ಲಿ ಗಾರ್ವಿ ಜನ ಒಪ್ಪಿದ್ದು ಕೆಂಪು, ಕಪ್ಪು, ಹಸಿರು. ರಾಸ್ತಾಗಳು ಗಾರ್ವಿಯನ್ನ ಪ್ರವಾದಿ ಅಂತಾರೆ ನಿಜ. ಆದರೆ ಅವರು ದೇವರೆನ್ನುವ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯನ್ನ, ಇಟಲಿ ದಾಳಿ ಮಾಡಿದಾಗ ದೇಶ ಬಿಟ್ಟು ಓಡಿದ ಹೇಡಿ ಅಂತ ಬೈದದ್ದೂ ಇದೇ ಗಾರ್ವಿ.

ಸ್ಕ್ವೇರ್‌ಕಟ್
ಹೌದಾ! ಜಮೈಕಾದ ಕಿಂಗ್‌ಸ್ಟನ್ ಅಂದ್ರೆ ನಮ್ಮಂಥೋರಿಗೆ ನೆನಪಾಗೋದು 1976ರ ಸಬೀನಾ ಪಾರ್ಕ್ ಟೆಸ್ಟ್. ವಿಶಿ ಬೆರಳು ಮುರೀತು, ಬ್ರಿಜೇಶ್ ಬಾಯಿಗೆ ಹೊಲಿಗೆ, ಗಾಯಕ್ವಾಡ್ ಕಿವಿಗೆ ಏಟು. ಹೋಲ್ಡಿಂಗ್ ಬೌಲಿಂಗು ಅಂದ್ರೆ ಬೌಲಿಂಗು. ಎರಡನೇ ಇನಿಂಗ್ಸ್ 97ಕ್ಕೆ ಮುಗೀತು, ಐದು ಜನ ಬ್ಯಾಟಿಂಗಿಗೇ ಇಳೀಲಿಲ್ಲ.

ಗಾಳಿಪಟ
ಬೇಡಿ ಡಿಕ್ಲೇರ್ ಮಾಡಿದ್ದು ಮೊದಲ ಇನಿಂಗ್ಸ್ ತಾನೇ?

ಸ್ಕ್ವೇರ್‌ಕಟ್
ಹೂಂ, 306ಕ್ಕೆ 6.

ಲೆಕ್ಕಪತ್ರ
ದಯವಿಟ್ಟು ಗಾರ್ವಿಗೆ ವಾಪಸ್ ಬನ್ನಿ. ಇಲ್ಲಾಂದ್ರೆ ಇನ್ನು ಪುಟ ಪೂರ್ತಿ ಗುಂಡಪ್ಪನವರ ಲೇಟ್ ಕಟ್ಟೇ.

ಟೊರಾಂಟೊ_ಕನ್ನಡತಿ
ನಮ್ಮ ಆಫೀಸಿನಲ್ಲಿ ಜಮೈಕಾದ ಹಿರಿಯರೊಬ್ಬರಿದ್ದಾರೆ. ಗಾರ್ವಿ ಹಡಗು ಮುಳುಗಿಸಿದನಂತಲ್ಲ ಅಂತ ಊಟದ ಹೊತ್ತಲ್ಲಿ ಕೇಳಿದ್ದೇ ತಪ್ಪಾಯ್ತು ನೋಡಿ, ಒಂದು ಗಂಟೆ ಪಾಠ. ಅವರ ಪ್ರಕಾರ ಷೇರು ಕೊಂಡವರಲ್ಲಿ ಎಷ್ಟೋ ಜನ ಲಾಭಕ್ಕೆ ಕೊಂಡದ್ದೇ ಅಲ್ಲ. ಆಗ ಕೆರಿಬಿಯನ್ ಹಡಗುಗಳಲ್ಲಿ ಕಪ್ಪು ಪ್ರಯಾಣಿಕರನ್ನ ಕೀಳಾಗಿ ಕಾಣ್ತಿದ್ದರು. ಕಪ್ಪು ಕ್ಯಾಪ್ಟನ್ ನಿಂತ ಹಡಗು ಬಂದರಿಗೆ ಬಂದದ್ದನ್ನ ಕಣ್ಣಾರೆ ನೋಡೋದೇ ಅವರಿಗೆ ಐದು ಡಾಲರಿನ ಬೆಲೆ. ಹವಾನಾದಲ್ಲಿ ಜನ ದೋಣಿಗಳಲ್ಲಿ ಬಂದು ಹಣ್ಣು, ಹೂವು ಎಸೆದರಂತೆ.

ಕೆನಡಾದಲ್ಲೂ ಅವನ ಜನ ಇದ್ದರು. ನೋವಾ ಸ್ಕೋಷಿಯಾದ ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆಗಳಿಗೆ ಕೆರಿಬಿಯನ್ನಿನಿಂದ ಬಂದ ಕೂಲಿಗಳು ಕಟ್ಟಿದ ಸಭಾಂಗಣ ಗ್ಲೇಸ್ ಬೇಯಲ್ಲಿ ಈಗಲೂ ಇದೆ. 1937ರಲ್ಲಿ ಅಲ್ಲೇ ಹತ್ತಿರದ ಸಿಡ್ನಿ ಊರಿನಲ್ಲಿ ಗಾರ್ವಿ ಮಾಡಿದ ಭಾಷಣದ ಒಂದು ಮಾತನ್ನ, ಮನಸ್ಸಿನ ಗುಲಾಮಗಿರಿಯಿಂದ ಬಿಡಿಸಿಕೊಳ್ಳಿ ಅನ್ನೋದನ್ನ, ಬಾಬ್ ಮಾರ್ಲಿ ಹಾಡಿಗೆ ತಗೊಂಡದ್ದು.

ಧಾರವಾಡ_ಫೇಡೆ
ಹೂವು ಎಸದ್ರ ಹೊಟ್ಟಿ ತುಂಬತೈತೇನ್ರಿ ಅಕ್ಕಾರ? ಆ ಮನಿಗೆಲಸದಾಕಿ ಕೂಡಿಟ್ಟ ರೊಕ್ಕಾ ಯಾರು ತಿರುಗಿ ಕೊಟ್ರು?

ಟೊರಾಂಟೊ_ಕನ್ನಡತಿ
ಯಾರೂ ಕೊಡಲಿಲ್ಲ. ಅದನ್ನ ನಾನೂ ಮರೆಮಾಚ್ತಿಲ್ಲ ರೀ. ಆದರೆ ಕಳಕೊಂಡವರೇ ಸಾಲುಗಟ್ಟಿ ಅವನ ಬಿಡುಗಡೆಗೆ ಅರ್ಜಿ ಹಾಕಿದ್ದು. ಅವರಿಗಿಂತ ನಮಗೆ ಹೆಚ್ಚು ಕೋಪ ಬಂದರೆ ಹೇಗೆ?

ಕರಾವಳಿ_ಕಾಗೆ
ಅದೇ ಯಾರ್ಮತ್‌ನಲ್ಲಿ ಹ್ಯೂ ಮಲ್ಜಾಕ್ ಅಂತ ಅಧಿಕಾರಿ ಇದ್ದ. ಕ್ಯಾಪ್ಟನ್ ಪರೀಕ್ಷೆ ಪಾಸು ಮಾಡಿದವ. ಬ್ಲ್ಯಾಕ್ ಸ್ಟಾರ್ ಮುಚ್ಚಿದ ಮೇಲೆ ಕಪ್ಪು ಮನುಷ್ಯನಿಗೆ ಯಾರು ಹಡಗು ಕೊಡುತ್ತಾರೆ? ಅಡುಗೆ ಮನೆ, ಊಟದ ಕೋಣೆ ಕೆಲಸ ಮಾಡಿಕೊಂಡು 1942ರವರೆಗೆ ಕಾದ. ಎರಡನೇ ಯುದ್ಧದಲ್ಲಿ ಕ್ಯಾಪ್ಟನ್‌ಗಳು ಸಾಲದೆ ಬಂದಾಗ ಕರೆದರು. ಕಪ್ಪು ಬಿಳಿ ಇಬ್ಬರೂ ಇರುವ ಸಿಬ್ಬಂದಿ ಕೊಟ್ಟರೆ ಮಾತ್ರ ಬರುತ್ತೇನೆ ಅಂದ, ಕೊಟ್ಟರು. ಗಾರ್ವಿ ಕಂಪನಿಯ ಅವ್ಯವಸ್ಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಬೈದವನೂ ಅವನೇ.

ಓದುಬಾಕ_ಹಾಸನ
ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು: ಅವನು ಆಫ್ರಿಕಾಕ್ಕೆ ಹೋಗಿ ಅಲ್ಲಿ ಏನಾದ್ರೂ ಮಾಡಿದನಾ? ಮತ್ತೆ ಕ್ಷಮಾದಾನದಿಂದ ಕೇಸು ರದ್ದಾಯ್ತಾ?

ಬೆಂಚ್_ಕ್ಲರ್ಕ್
ಇಲ್ಲ. ಕ್ಷಮಾದಾನ ಅಂದರೆ ಶಿಕ್ಷೆಯ ಕಳಂಕ ಮನ್ನಾ, ತೀರ್ಪು ದಾಖಲೆಯಲ್ಲಿ ಇದ್ದ ಹಾಗೇ ಇರುತ್ತೆ. ಮಗ ಜೂಲಿಯಸ್ ಗಾರ್ವಿ, ಶಸ್ತ್ರವೈದ್ಯರು, ಕೇಳ್ತಾ ಬಂದದ್ದು ಅಪ್ಪ ನಿರ್ದೋಷಿ ಅಂತ ಘೋಷಿಸಿ ಅಂತ. ಜಮೈಕಾದವರು ತಮ್ಮ ಮಟ್ಟಿಗೆ 2018ರಲ್ಲೇ ಕಾಯಿದೆ ಮಾಡಿ ಅವನ ಅಪರಾಧದ ಕಳಂಕ ತೊಳೆದಿದ್ದಾರೆ. ಅಲ್ಲೂ 1929ರಲ್ಲಿ ನ್ಯಾಯಾಂಗ ನಿಂದನೆಗೆ ಜೈಲು ಆಗಿತ್ತು.

ನೀಲಿಶಾಯಿ
ಆಫ್ರಿಕಾದ ಮಣ್ಣು ಅವನು ತುಳಿಯಲೇ ಇಲ್ಲ. ಲೈಬೀರಿಯಾದಲ್ಲಿ ನೆಲೆ ಮಾಡೋ ಯೋಜನೆ ಇತ್ತು. ಅಲ್ಲಿನ ಆಳುವವರೂ ಅಮೆರಿಕದಿಂದ ಹೋದ ಕಪ್ಪು ಮೇಲ್ವರ್ಗದವರೇ. ಗಾರ್ವಿ ಕಳಿಸಿದ ಎಲೀ ಗಾರ್ಸಿಯಾ ಆ ಆಳುವವರ ದಬ್ಬಾಳಿಕೆ ಬಗ್ಗೆ ಗುಟ್ಟಿನ ವರದಿ ಬರೆದ, ಅದು ಅವರ ಕೈಗೇ ಸಿಕ್ಕಿತು. ಬ್ರಿಟಿಷರ, ಫ್ರೆಂಚರ ಭಯವೂ ಇತ್ತು. 1924ರಲ್ಲಿ ಗಾರ್ವಿ ಜನರಿಗೆ ಬಾಗಿಲು ಮುಚ್ಚಿದರು. ಎರಡು ವರ್ಷಕ್ಕೆ ಹತ್ತು ಲಕ್ಷ ಎಕರೆ ಫೈರ್‌ಸ್ಟೋನ್ ರಬ್ಬರ್ ಕಂಪನಿಗೆ ಹೋಯ್ತು, 99 ವರ್ಷದ ಗುತ್ತಿಗೆಗೆ.

ಆಫ್ರಿಕಾಕ್ಕೆ ಹೋದದ್ದು ಅವನ ಪತ್ರಿಕೆ, ನೀಗ್ರೋ ವರ್ಲ್ಡ್. ವಸಾಹತುಗಳಲ್ಲಿ ನಿಷೇಧ, ನಾವಿಕರು ಕದ್ದು ಸಾಗಿಸ್ತಿದ್ದರು. ಕೆನ್ಯಾದಲ್ಲಿ 1921ರ ಸುಮಾರಿಗೆ ಓದು ಬರದವರು ಒಬ್ಬ ಓದುವವನ ಸುತ್ತ ಕೂತು ಎರಡು ಮೂರು ಸಲ ಕೇಳಿ ಬಾಯಿಪಾಠ ಮಾಡಿಕೊಂಡು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿ ಹೇಳ್ತಿದ್ದರಂತೆ. ಇದನ್ನ ಹೇಳಿದ್ದು ಮುಂದೆ ಕೆನ್ಯಾದ ಅಧ್ಯಕ್ಷರಾದ ಸ್ವತಃ ಜೋಮೋ ಕೆನ್ಯಾಟಾ. ಘಾನಾದ ಸ್ವಾತಂತ್ರ್ಯ ನಾಯಕ ಎನ್‌ಕ್ರುಮಾ ತನ್ನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಬರಹ ಗಾರ್ವಿಯದ್ದು ಅಂದಿದ್ದಾರೆ. 1957ರಲ್ಲಿ ಘಾನಾ ಸ್ವತಂತ್ರ ಆದಾಗ ಬಾವುಟದ ಮಧ್ಯೆ ಕಪ್ಪು ನಕ್ಷತ್ರ, ಸರ್ಕಾರಿ ಹಡಗಿನ ಕಂಪನಿಗೆ ಬ್ಲ್ಯಾಕ್ ಸ್ಟಾರ್ ಲೈನ್ ಅನ್ನೋದೇ ಹೆಸರು. ಅಮೆರಿಕದಲ್ಲಿ ಕಪ್ಪು ಹೋರಾಟಗಾರ ಮಾಲ್ಕಮ್ ಎಕ್ಸ್‌ನ ಅಪ್ಪ ಅಮ್ಮ ಇಬ್ಬರೂ ಗಾರ್ವಿ ಸಂಘದವರು.

ಇನ್ನು ಆಫ್ರಿಕಾಕ್ಕೆ ವಾಪಸ್ ಹೋಗೋ ಗಾರ್ವಿಯ ಯೋಜನೆಯನ್ನ ಆಡಿಕೊಂಡ ಡು ಬಾಯ್ಸ್ ಕೊನೆಗೆ ಘಾನಾಕ್ಕೇ ಹೋಗಿ ನೆಲೆಸಿ 1963ರಲ್ಲಿ ಅಕ್ರಾದಲ್ಲೇ ತೀರಿಕೊಂಡರು.

ಅತ್ತಿಗುಪ್ಪೆ_ಅಕ್ಕ
ಇಷ್ಟೊತ್ತು ಓದಿದೆ. ಹೆಂಗಸರ ಹೆಸರು ಒಂದೂ ಬರಲಿಲ್ಲವಲ್ಲ? ಸಂಘವನ್ನ ಜೊತೆಯಲ್ಲಿ ಕಟ್ಟಿದ್ದು ಏಮಿ ಆಶ್‌ವುಡ್. 1919ರಲ್ಲಿ ಆಫೀಸಿಗೆ ಒಬ್ಬ ನುಗ್ಗಿ ಗುಂಡು ಹಾರಿಸಿದಾಗ ಗಾರ್ವಿಗೆ ಅಡ್ಡ ನಿಂತವಳು. ಡಿಸೆಂಬರಿನಲ್ಲಿ ಮದುವೆ ಆಯ್ತು, ಹೆಚ್ಚು ದಿನ ಬಾಳಲಿಲ್ಲ. ಗಾರ್ವಿ 1922ರಲ್ಲಿ ಎರಡನೇ ಮದುವೆ ಆದದ್ದು ಏಮಿ ಜಾಕ್ಸ್‌ನ, ಮೊದಲ ಮದುವೆಯಲ್ಲಿ ವಧುವಿನ ಸಖಿಯಾಗಿ ನಿಂತಿದ್ದವಳು!

ಆದರೆ ಅವನು ಜೈಲಿನಲ್ಲಿದ್ದಾಗ ಊರೂರು ತಿರುಗಿ ಚಂದಾ ಎತ್ತಿ, ಪತ್ರಿಕೆಯಲ್ಲಿ ಹೆಂಗಸರ ಪುಟ ನಡೆಸಿ, ಅವನ ಭಾಷಣಗಳನ್ನ ಎರಡು ಸಂಪುಟ ಮಾಡಿ ಅಚ್ಚು ಹಾಕಿಸಿದವಳು ಈ ಏಮಿ ಜಾಕ್ಸ್. ಎನ್‌ಕ್ರುಮಾ ಓದಿದ್ದು ಅದನ್ನೇ ತಾನೇ?

ಸ್ಕ್ವೇರ್‌ಕಟ್
ಇಬ್ಬರೂ ಏಮಿ?! ಮನೆಯಲ್ಲಿ ಹೆಸರು ತಪ್ಪಿ ಕರೆಯೋ ಭಯ ಇಲ್ಲ ಬಿಡಿ.

ಅತ್ತಿಗುಪ್ಪೆ_ಅಕ್ಕ
ನಗ್ತಿರಿ ನೀವು. 1935ರಲ್ಲಿ ಲಂಡನ್ನಿಗೆ ಹೋದವನು 1940ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ. ಮೇ ತಿಂಗಳಲ್ಲಿ ಪತ್ರಿಕೆಗಳು ಸತ್ತ ಅಂತ ತಪ್ಪು ಸುದ್ದಿ ಹಾಕಿದವು, ತನ್ನ ಸಾವಿನ ಸುದ್ದಿ ತಾನೇ ಓದಿದ. ಜೂನ್ 10ಕ್ಕೆ ನಿಜವಾಗಿಯೂ ಹೋದ. ಆಗ ಏಮಿ ಜಾಕ್ಸ್ ಎರಡು ಗಂಡುಮಕ್ಕಳನ್ನ ಕಟ್ಟಿಕೊಂಡು ಜಮೈಕಾದಲ್ಲಿ. ಯುದ್ಧ ಬೇರೆ. ಶವ ಕಿಂಗ್‌ಸ್ಟನ್ನಿಗೆ ಬಂದದ್ದು 1964ರ ನವೆಂಬರಿನಲ್ಲಿ. ಮರುವರ್ಷ ಮಾರ್ಟಿನ್ ಲೂಥರ್ ಕಿಂಗ್ ಹೋಗಿ ಸಮಾಧಿಗೆ ಹೂವಿಟ್ಟರು.

ಧಾರವಾಡ_ಫೇಡೆ
ಮೊದಲನೇ ಏಮಿ ಮುಂದ ಏನಾದ್ಲು?

ಅತ್ತಿಗುಪ್ಪೆ_ಅಕ್ಕ
ಲಂಡನ್ನಿನಲ್ಲಿ ಹೋಟೆಲ್ ನಡೆಸಿದಳು, ಆಫ್ರಿಕನ್, ಕೆರಿಬಿಯನ್ ಹೋರಾಟಗಾರರೆಲ್ಲ ಅಲ್ಲೇ ಸೇರೋರು. 1945ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ಯಾನ್ ಆಫ್ರಿಕನ್ ಸಮ್ಮೇಳನ ನಡೀತಲ್ಲ, ಎನ್‌ಕ್ರುಮಾ, ಕೆನ್ಯಾಟಾ ಎಲ್ಲ ಬಂದಿದ್ದರು, ಅದರ ಮೊದಲ ಗೋಷ್ಠಿಗೆ ಅಧ್ಯಕ್ಷತೆ ಇವಳದೇ. ಅದೇ ಸಮ್ಮೇಳನದ ಗೌರವದ ಕುರ್ಚಿಯಲ್ಲಿ ಕೂತದ್ದು ಯಾರು ಗೊತ್ತಾ? ಡು ಬಾಯ್ಸ್.

ಧಾರವಾಡ_ಫೇಡೆ
ಇದು ಗೊತ್ತಿರಲಿಲ್ರಿ. ಆದ್ರೂ ಕ್ಲಾನ್ ವಿಷಯದಾಗ ನಾ ಬಿಡಂಗಿಲ್ಲ.